ಗೊತ್ತಾದರೆ ಹೇಳಲೇ?

"ರೀ... ನಿಲ್ಲಿ! ಅಲ್ಲೇ ನಿಲ್ಲಿ!"

ಆ ಕೂಗಿಗೆ ಅವಳ ಕಾಲು ಗಾಳಿಯಲ್ಲೇ ನಿಂತಿತು.

ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನ ಉದ್ದನೆಯ ಕಾರಿಡಾರು. ಅವಳ ಎರಡೂ ಕೈಯಲ್ಲಿ ಐಸ್ ತುಂಬಿದ ದೊಡ್ಡ ಡಬ್ಬಿ. ಡಬ್ಬಿಯೊಳಗೆ ರೋಗಿಗಳ ರಕ್ತದ ಟ್ಯೂಬುಗಳು. ಅದನ್ನು ಎದೆಗೆ ಅವುಚಿಕೊಂಡು ಓಡುವವಳಿಗೆ ತನ್ನ ಪಾದವೇ ಕಾಣುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೆಲಕ್ಕೆ ಇಳಿಬಿದ್ದಿದ್ದ ಒಂದು ಸಣ್ಣ ಕೊಳವೆಯನ್ನು ತುಳಿದುಬಿಡುತ್ತಿದ್ದಳು. ಆ ಕೊಳವೆಯ ಇನ್ನೊಂದು ತುದಿ ಒಬ್ಬ ಅಜ್ಜನ ಹೊಟ್ಟೆಯೊಳಗಿತ್ತು!

ಅಜ್ಜನ ತೋಳು ಹಿಡಿದು ನಡೆಸುತ್ತಿದ್ದ ಯುವಕ ಕೆಂಡವಾಗಿದ್ದ.

"ಕಣ್ಣನ್ನೂ ಡಬ್ಬಿಯೊಳಗೇ ಹಾಕ್ಕೊಂಡು ಬಂದಿದೀರಾ? ಇವರು ಆಪರೇಷನ್ ಆದ್ಮೇಲೆ ಇವತ್ತೇ ಮೊದಲು ಎದ್ದಿರೋದು!"

"ನಾನು ನೋಡ್ಕೊಂಡೇ ಬರ್ತಿದ್ದೆ!" ಅವಳೂ ಬಿಡಲಿಲ್ಲ. "ಈ ರಕ್ತ ಬೆಚ್ಚಗಾದ್ರೆ ಇಷ್ಟು ದಿನದ ಕೆಲಸ ನೀರುಪಾಲಾಗುತ್ತೆ, ಗೊತ್ತಾ ನಿಮಗೆ?"

"ರಕ್ತ ಬೆಚ್ಚಗಾಗೋದಿರ್ಲಿ, ಇಲ್ಲಿ ಕುದೀತಿದೆ!"

ಅಜ್ಜ ಗೋಡೆಗೆ ಒರಗಿ ನೆಮ್ಮದಿಯ ಉಸಿರು ಬಿಟ್ಟರು. "ನಿಧಾನವಾಗಿ ಜಗಳ ಆಡ್ಕೊಳ್ಳಿ ಮಕ್ಕಳೇ, ಅವಸರ ಏನಿಲ್ಲ. ಈ ಮೇಷ್ಟ್ರು ನನ್ನ ಒಂದು ಗಳಿಗೆ ನಿಲ್ಲೋಕೆ ಬಿಟ್ಟಿರಲಿಲ್ಲ. ಪುಣ್ಯಾತ್ಗಿತ್ತಿ, ಚೆನ್ನಾಗಿ ಬಂದೆ ನೋಡು!"

ಅವಳಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿಕೊಂಡಳು. ಅವನೂ ಅಷ್ಟೇ... ಸಿಟ್ಟಿನ ಮುಖ ಹಾಗೇ ಇಟ್ಟುಕೊಳ್ಳಲು ಹೆಣಗಾಡಿ ಸೋತ.

ಅವನು ಫಿಸಿಯೋಥೆರಪಿಸ್ಟ್. ಹೊಟ್ಟೆ ಕೊಯ್ಸಿಕೊಂಡು ಮಲಗಿದವರನ್ನು ಎಬ್ಬಿಸಿ, ಕೂರಿಸಿ, ಉಸಿರು ಎಳೆಸಿ, ಮತ್ತೆ ಮನೆಯ ಮೆಟ್ಟಿಲು ಹತ್ತುವ ಹಾಗೆ ಮಾಡುವುದು ಅವನ ಕೆಲಸ. ಇಡೀ ವಾರ್ಡಿಗೆ ಅವನು 'ನಡಿಗೆ ಮೇಷ್ಟ್ರು'. ಬೈದುಕೊಂಡೇ ಅವನ ದಾರಿ ಕಾಯುವ ರೋಗಿಗಳಿದ್ದರು.

ಅವಳು ಮೇಲಿನ ಮಹಡಿಯ ಜೀನ್ ಲ್ಯಾಬಿನ ಸಂಶೋಧಕಿ. ಕರುಳಿನ ಕ್ಯಾನ್ಸರ್ ಕೆಲವು ಮನೆತನಗಳಲ್ಲೇ ಯಾಕೆ ತಲೆತಲಾಂತರ ಹಿಡಿದುಕೊಂಡು ಬರುತ್ತದೆ, ಬರುವ ಮೊದಲೇ ಅದನ್ನು ಹಿಡಿಯುವುದು ಹೇಗೆ... ಹಗಲೆಲ್ಲ ಅವಳಿಗೆ ಅದೇ ಧ್ಯಾನ.

ಅವಳು ಲಿಫ್ಟಿನತ್ತ ಓಡಿದಳು. ಹಿಂತಿರುಗಿ ನೋಡಬಾರದು ಅಂದುಕೊಂಡಳು.

ನೋಡಿದಳು.

ಅವನೂ ನೋಡುತ್ತಿದ್ದ!

* * *

ಎರಡು ದಿನ ಬಿಟ್ಟು ಅವನೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ.

"ಅವತ್ತು ಸ್ವಲ್ಪ ಜೋರಾಗಿ ಮಾತಾಡ್ಬಿಟ್ಟೆ. ಅಜ್ಜ ದಿನಾ ಬೈತಾರೆ. 'ಹೋಗಿ ಕ್ಷಮೆ ಕೇಳ್ದೆ ಇದ್ರೆ ನಾನು ಮಂಚ ಬಿಟ್ಟು ಏಳಲ್ಲ' ಅಂತ ಸತ್ಯಾಗ್ರಹ ಕೂತಿದಾರೆ."

"ಅಂದ್ರೆ ನೀವಾಗಿ ಬಂದಿದ್ದಲ್ಲ?"

"ಅಜ್ಜಂದು ನೆಪ..." ಅವನು ಕತ್ತು ಕೆರೆದುಕೊಂಡ. "ಕಾಲು ಮಾತ್ರ ನಂದೇ."

ಅವಳು ನಕ್ಕಳು. ನಗುತ್ತಲೇ ಅವನ ತೋಳಿನ ಮೇಲೆ ಉಬ್ಬಿ ನಿಂತಿದ್ದ ನರಗಳನ್ನು ನೋಡಿದಳು. ಆಸೆಯಿಂದಲೇ ನೋಡಿದಳು, ಆದರೆ ಬೇರೆ ಆಸೆ!

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ರೋಗಿಗಳ ರಕ್ತ ಪರೀಕ್ಷೆಗೆ ಹೋಗುವಾಗಲೆಲ್ಲ ಜೊತೆಗೆ ಇಬ್ಬರು ಆರೋಗ್ಯವಂತರ ರಕ್ತವೂ ಹೋಗಬೇಕು. ಕಾಯಿಲೆಯ ಪಕ್ಕದಲ್ಲಿ ಆರೋಗ್ಯ ಇಟ್ಟು ನೋಡಿದರೆ ತಾನೇ ವ್ಯತ್ಯಾಸ ಕಾಣುವುದು? ಆರೋಗ್ಯವಂತರನ್ನು ಹುಡುಕಿಕೊಂಡು ಎಲ್ಲಿ ಹೋಗುವುದು ಅಂತ ಲ್ಯಾಬಿನವರೇ ತೋಳು ಚಾಚಿಬಿಡುತ್ತಿದ್ದರು. ಒಂದು ಟ್ಯೂಬು ಅವಳದು, ಇನ್ನೊಂದು ಟೆಕ್ನಿಷಿಯನ್ ಮೀಸೆ ಅಣ್ಣನದು. ಅವತ್ತು ಮೀಸೆ ಅಣ್ಣನಿಗೆ ಜ್ವರ.

"ಮೇಷ್ಟ್ರೇ, ನಿಮ್ಮ ಆರೋಗ್ಯ ಹೇಗಿದೆ?"

"ಗುಂಡುಕಲ್ಲಿನ ಥರ."

"ಹಾಗಾದ್ರೆ ಕೂತ್ಕೊಳ್ಳಿ. ಒಂದು ಟ್ಯೂಬ್ ರಕ್ತ ಕೊಡಿ, ಕ್ಷಮಿಸ್ತೀನಿ."

ಸೂಜಿ ನೋಡುತ್ತಲೇ ಗುಂಡುಕಲ್ಲು ಬೆವರಿತು. ದಿನವಿಡೀ ಹೊಲಿಗೆ ಹಾಕಿದ ಹೊಟ್ಟೆಗಳನ್ನು ನೋಡುವ ಮನುಷ್ಯ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕುರ್ಚಿಯ ಕೈ ಹಿಡಿದು ಕೂತ!

"ಮುಗೀತಾ?"

"ಇನ್ನೂ ಚುಚ್ಚೇ ಇಲ್ಲರೀ!"

ನಿಯಮದ ಪ್ರಕಾರ ಒಂದು ಪ್ರಶ್ನೆ ಕೇಳಲೇಬೇಕಿತ್ತು. ಕೇಳಿದಳು. "ನಿಮ್ಮ ಹೆಸರು ಇರಲ್ಲ, ಬರೀ ನಂಬರು. ಅದನ್ನೂ ನಮ್ಮ ಲ್ಯಾಬ್ ನಡೆಸೋ ದೊಡ್ಡ ಮೇಡಂ ಹಾಕ್ತಾರೆ, ಯಾವುದು ಯಾರದ್ದು ಅಂತ ನಂಗೂ ಗೊತ್ತಾಗಲ್ಲ. ಆದ್ರೂ... ಪರೀಕ್ಷೆಯಲ್ಲಿ ಏನಾದ್ರೂ ಗೊತ್ತಾದ್ರೆ ನಿಮಗೆ ತಿಳಿಸ್ಬೇಕಾ, ಬೇಡ್ವಾ?"

"ಬೇಡಪ್ಪಾ ಬೇಡ! ಗೊತ್ತಾದ್ರೆ ನೀವೇ ಇಟ್ಕೊಳ್ಳಿ."

"ಸರಿ. 'ಬೇಡ' ಅಂತ ಹಾಕ್ತೀನಿ."

ಇನ್ನೊಂದು ಪ್ರಶ್ನೆಯೂ ಇತ್ತು... ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಅಂತ. ಅವನು ಮೆಲ್ಲಗೆ ಒಂದು ಕಣ್ಣು ತೆರೆದು, "ನಿಮ್ಮ ಕೈ ಹಗುರ ಇದೆ. ಇವತ್ತಿಂದ ನಿಮ್ಮ ಹೆಸರು ಸೂಜಿಮಲ್ಲಿಗೆ" ಅಂದುಬಿಟ್ಟ. ಅವಳ ಕೆನ್ನೆ ಬಿಸಿಯಾಯಿತು. ಆ ಪ್ರಶ್ನೆ ನಾಲಿಗೆಯ ತುದಿಯಿಂದ ಜಾರಿ ಎಲ್ಲೋ ಹೋಯಿತು.

ಅವನ ಟ್ಯೂಬಿನ ಪಕ್ಕ ತನ್ನ ಟ್ಯೂಬನ್ನೂ ಇಟ್ಟಳು. ಅವಳನ್ನು ಆ ಪ್ರಶ್ನೆ ಯಾರೂ ಕೇಳಲಿಲ್ಲ. ಲ್ಯಾಬಿನವರನ್ನು ಯಾರು ಕೇಳುತ್ತಾರೆ?

* * *

ಆಮೇಲಿನದು ನಿಮಗೆ ಹೇಳಬೇಕೇ? ಕ್ಯಾಂಟೀನಿನ ಮೂಲೆಯ ಮೇಜು ಅವರಿಬ್ಬರದಾಯಿತು. 'ನೀವು' ಹೋಗಿ 'ನೀನು' ಬಂತು. ಅವಳು ತಡವಾಗಿ ಬಂದರೆ ಅವನ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು, ಅವನು ಕುಡಿಯುತ್ತಿರಲಿಲ್ಲ.

"ಜೀನು ಜೀನು ಅಂತೀಯಲ್ಲ, ಅದು ಏನು ಮಾಡುತ್ತೆ? ನಮ್ಮಂಥ ದಡ್ಡರಿಗೆ ಅರ್ಥ ಆಗೋ ಹಾಗೆ ಹೇಳು."

"ನಮ್ಮ ಮೈಯೊಳಗೆ ಜೀವಕೋಶಗಳು ದಿನಾ ತಮ್ಮನ್ನ ತಾವೇ ನಕಲು ಮಾಡ್ಕೊಳ್ತಾ ಇರ್ತವೆ. ನಕಲು ಅಂದ್ಮೇಲೆ ತಪ್ಪು ಬರುತ್ತೆ. ಆ ತಪ್ಪು ತಿದ್ದೋಕೆ ಅಂತಾನೇ ಒಂದು ಜೀನ್ ಇದೆ. ಆ ತಿದ್ದೋನೇ ಸರಿ ಇಲ್ಲ ಅಂದ್ರೆ..."

"ತಪ್ಪು ಬೆಳೆಯುತ್ತೆ."

"ಹ್ಞೂಂ. ಕ್ಯಾನ್ಸರ್ ಆಗಿ ಬೆಳೆಯುತ್ತೆ. ಆದ್ರೆ ಮೊದಲೇ ಗೊತ್ತಿದ್ರೆ ವರ್ಷ ವರ್ಷ ಕರುಳಿಗೆ ಕ್ಯಾಮೆರಾ ಹಾಕಿ ನೋಡಿ, ಗಂಟು ಸಣ್ಣದಿರುವಾಗಲೇ ತೆಗೆದ್ಬಿಡ್ತಾರೆ. ಕಾಯಿಲೆ ಬರೋದೇ ಇಲ್ಲ!"

ಅವನು ಲೋಟ ಕೆಳಗಿಟ್ಟ.

"ನಮ್ಮಪ್ಪ ಕರುಳಿನ ಕ್ಯಾನ್ಸರಲ್ಲೇ ಹೋಗಿದ್ದು ಕಣೇ. ಗೊತ್ತಾಗೋ ಹೊತ್ತಿಗೆ ಮಿಂಚಿ ಹೋಗಿತ್ತು. ಆಪರೇಷನ್ ಆಯ್ತು, ಆದ್ರೆ ಅವರನ್ನ ಎಬ್ಬಿಸಿ ನಡೆಸೋರು ಯಾರೂ ಇರಲಿಲ್ಲ. ಅದಕ್ಕೇ ನಾನು ಈ ಕೆಲಸ ಕಲ್ತೆ."

ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೇಳದೆ ಬಿಟ್ಟ ಆ ಪ್ರಶ್ನೆ... ಈಗ ತಿರುಗಿ ಬಂದು ಅವಳನ್ನೇ ದಿಟ್ಟಿಸುತ್ತಿತ್ತು.

* * *

ಮುಂದಿನ ವಾರ ಫಲಿತಾಂಶ ಬಂತು.

ರೋಗಿಗಳ ಸಾಲು ನೋಡಿದಳು. ನಿರೀಕ್ಷೆಯಂತೆಯೇ ಇತ್ತು. ಕೊನೆಯಲ್ಲಿ ಆರೋಗ್ಯವಂತರ ಎರಡು ಸಾಲು. ಮೊದಲನೆಯದು ಸರಿ. ಎರಡನೆಯದು...

ಕಣ್ಣುಜ್ಜಿಕೊಂಡಳು. ಮತ್ತೆ ನೋಡಿದಳು.

ತಪ್ಪು ತಿದ್ದುವ ಜೀನಿನಲ್ಲೇ ಒಂದು ಅಕ್ಷರ ತಪ್ಪಾಗಿತ್ತು!

ಈ ಜೀನನ್ನು ಲ್ಯಾಬಿನಲ್ಲಿ ಓದಲು ಶುರುಮಾಡಿದ್ದೇ ಈ ತಿಂಗಳು. ಹಿಂದೆ ಯಾವತ್ತೂ ಇದನ್ನು ನೋಡಿರಲಿಲ್ಲ. ಇದ್ದದ್ದು ಎರಡೇ ಟ್ಯೂಬು... ಒಂದು ತನ್ನದು, ಒಂದು ಅವನದು. ಅವನ ತಂದೆ ಹೋಗಿದ್ದು ಇದೇ ಕಾಯಿಲೆಯಿಂದ.

'ಅಯ್ಯೋ ದೇವರೇ... ಇವನಿಗಾ? ಇವನಿಗೇನಾ?'

ಕುರ್ಚಿಯಲ್ಲಿ ಕುಸಿದಳು. ಹೇಳಲೂ ಆಗದು. 'ಗೊತ್ತಾದ್ರೆ ನೀವೇ ಇಟ್ಕೊಳ್ಳಿ' ಅಂದಿದ್ದನಲ್ಲ! ಬೇಡ ಅಂದವರಿಗೆ ಹೇಳುವ ಹಾಗಿಲ್ಲ, ಅದು ಮುರಿಯಲಾರದ ನಿಯಮ. ಹೇಳದಿದ್ದರೆ? ಹೇಳದಿದ್ದರೆ ಅವನೂ ಅಪ್ಪನ ಹಾದಿಯನ್ನೇ...

ಅವತ್ತಿಂದ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟಳು. ಅವನ ಮುಖ ಕಂಡರೆ ಬಾಯಿ ತಪ್ಪಿ ಎಲ್ಲ ಹೇಳಿಬಿಡುವ ಭಯ!

ನಾಲ್ಕು ದಿನ ಕಾದ ಅವನು ಐದನೆಯ ದಿನ ಲ್ಯಾಬಿನ ಮೆಟ್ಟಿಲ ಮೇಲೇ ಅಡ್ಡಗಟ್ಟಿದ.

"ಏನು, ಸೂಜಿಮಲ್ಲಿಗೆ ಬಾಡಿ ಹೋಗಿದೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಏನಿಲ್ಲ... ಕೆಲಸ."

"ಹಾಗಾದ್ರೆ ಒಂದು ಮಾತು. ಸುತ್ತಿ ಬಳಸಿ ಹೇಳೋಕೆ ಬರಲ್ಲ ನಂಗೆ." ಅವನು ಉಸಿರು ಎಳೆದುಕೊಂಡ. "ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ? ನಿನ್ನ ಸಾಕಿದ ಚಿಕ್ಕಮ್ಮನ್ನ ಮಾತಾಡಿಸೋಕೆ... ನಮ್ಮಿಬ್ಬರ ವಿಷಯ."

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದಳು! 'ಬಾ' ಅನ್ನಲು ತುಟಿ ತೆರೆದಳು. ಹೊರಬಿದ್ದದ್ದು ಬೇರೆಯೇ.

"ಅದಕ್ಕೆ ಮುಂಚೆ... ನೀನು ಒಂದು ಸಲ ಕೊಲೊನೋಸ್ಕೋಪಿ ಮಾಡಿಸ್ಕೋತೀಯಾ?"

"ಏನು?"

"ಕರುಳಿನ ಪರೀಕ್ಷೆ. ಸುಮ್ನೆ. ನಿಮ್ಮಪ್ಪಂಗೆ ಇತ್ತಲ್ಲ, ಅದಕ್ಕೆ..."

ಅವನ ಮುಖದ ನಗು ದೀಪ ಆರಿದ ಹಾಗೆ ಆರಿತು.

"ಓಹೋ... ನಮ್ಮಪ್ಪನ ಕಾಯಿಲೆ ನಂಗೂ ಇದೆಯಾ ಅಂತ ನೋಡಿ, ಸರಿ ಇದ್ರೆ ಒಪ್ಕೊಳ್ಳೋದು. ಹಣ್ಣು ಅದುಮಿ ನೋಡಿ ತಗೊಳ್ತಾರಲ್ಲ, ಹಾಗೆ!"

"ಹಾಗಲ್ಲ ಕಣೋ! ಹಾಗಲ್ಲ..."

"ಮತ್ತೆ ಹೇಗೆ? ಹೇಳು."

ಹೇಗೆ ಹೇಳುವುದು? ಅವಳು ತಲೆ ತಗ್ಗಿಸಿದಳು. ಅವನು ಒಂದು ನಿಮಿಷ ಕಾದ. ಮೆಟ್ಟಿಲಿಳಿದು ಹೊರಟುಹೋದ.

ಇತರರನ್ನು ನಡೆಸುವವನ ನಡಿಗೆಯೇ ಅವತ್ತು ಎಡವುತ್ತಿತ್ತು.

* * *

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಅವರೆದುರು ನಿಂತು ಅವಳು ಅತ್ತುಬಿಟ್ಟಳು.

"ಮೇಡಂ, ಒಬ್ಬರ ಪ್ರಾಣದ ಪ್ರಶ್ನೆ. ನಾನು ಹೇಳ್ಲೇಬೇಕು."

ಮೇಡಂ ಕನ್ನಡಕ ತೆಗೆದಿಟ್ಟು ಎಲ್ಲ ಕೇಳಿದರು. "ಎರಡು ಟ್ಯೂಬಿತ್ತಲ್ಲಮ್ಮ. ಅವರದ್ದೇ ಅಂತ ಹೇಗೆ ಹೇಳ್ತೀಯ?"

"ಅವರ ತಂದೆ ಇದೇ ಕಾಯಿಲೆಯಿಂದ ಹೋದ್ರು. ನಮ್ಮ ಮನೇಲಿ ಯಾರಿಗೂ ಇಲ್ಲ. ನಮ್ಮಮ್ಮ ಹೋಗಿದ್ದು ಕಾಮಾಲೆಯಿಂದ."

"ಹ್ಞೂಂ..." ಮೇಡಂ ಅವಳ ಮುಖವನ್ನೇ ನೋಡಿದರು. "ಬೇಡ ಅಂದವರಿಗೆ ಫಲಿತಾಂಶ ಹೇಳೋ ಹಾಗಿಲ್ಲ. ಆದ್ರೆ ಅದೇ ಪ್ರಶ್ನೇನ ಇನ್ನೊಂದು ಸಲ ಕೇಳ್ಬಹುದು. ಮನಸ್ಸು ಬದಲಾದ್ರೆ ಹೊಸದಾಗಿ ರಕ್ತ ಕೊಟ್ಟು ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸ್ಕೊಳ್ಳಲಿ. ಮತ್ತೆ ನೀನೂ... ಅವರ ಜೊತೆ ಒಂದು ಟ್ಯೂಬ್ ಕೊಟ್ಬಿಡು."

"ಕೊಡ್ತೀನಿ ಮೇಡಂ" ಅಂದಳು. ಅನ್ನುವಾಗಲೇ ಬಾಗಿಲ ಹೊರಗಿದ್ದಳು.

ಕೊಡಲಿಲ್ಲ. ನೂರಾರು ಜನರ ರಕ್ತ ಓದಿದವಳಿಗೆ ತನ್ನದೊಂದು ಹನಿ ನೋಡಬೇಕು ಅಂತ ಅನ್ನಿಸಲೇ ಇಲ್ಲ. ಅವಳ ಭಯವೆಲ್ಲ ಅವನಿಗಾಗಿಯೇ ಖರ್ಚಾಗಿ ಹೋಗಿತ್ತು. ತನಗೆ ಅಂತ ಒಂದಿಷ್ಟೂ ಉಳಿದಿರಲಿಲ್ಲ!

ವಾರ್ಡಿನಲ್ಲಿ ಅವನು ಖಾಲಿ ಮಂಚದ ಹಿಡಿಕೆ ಸರಿಮಾಡುತ್ತಿದ್ದ. ಅವಳನ್ನು ನೋಡಿಯೂ ನೋಡದವನಂತೆ ಇದ್ದ.

"ಸಂಶೋಧಕಿಯಾಗಿ ಬಂದಿದೀನಿ," ಅಂದಳು. "ರಕ್ತ ಕೊಟ್ಟಾಗ ಒಂದು ಪ್ರಶ್ನೆ ಕೇಳಿದ್ದೆ. ನೀವು ತಮಾಷೆಗೆ ಉತ್ತರ ಕೊಟ್ರಿ. ಈಗ ಮತ್ತೆ ಕೇಳ್ತೀನಿ, ತಮಾಷೆ ಬೇಡ. ಏನಾದ್ರೂ ಗೊತ್ತಾದ್ರೆ... ಹೇಳ್ಲಾ?"

ಹಿಡಿಕೆಯ ಮೇಲಿದ್ದ ಅವನ ಕೈ ನಿಂತಿತು.

ಅವನು ದಡ್ಡನಲ್ಲ. ಹೇಳುವಂಥದ್ದು ಏನೂ ಇಲ್ಲದೆ ಯಾರಾದರೂ ಎರಡನೇ ಸಲ ಕೇಳುತ್ತಾರೆಯೇ?

"ಇದನ್ನ... ಇಷ್ಟು ದಿನ ಒಬ್ಬಳೇ ಹೊತ್ಕೊಂಡು ಓಡಾಡ್ತಿದ್ಯಾ?"

ಅವಳ ಕಣ್ಣೀರು ಕೆನ್ನೆಗಿಳಿಯಿತು.

"ಪರೀಕ್ಷೆ ಮಾಡಿಸ್ಕೋ ಅಂದಿದ್ದು ಅದಕ್ಕಾ? ನಾನೆಂಥ ಪಾಪಿ! ಹಣ್ಣು ಅದುಮೋ ಮಾತಾಡ್ದೆ ನಿಂಗೆ..." ಅವನು ಮಂಚದ ಅಂಚಿಗೆ ಕೂತುಬಿಟ್ಟ. "ಹೇಳು. ಹೇಳ್ಬೇಕು ಅಂತಾನೇ ನನ್ನ ಉತ್ತರ. ಅಪ್ಪಂಗೆ ಯಾರೂ ಹೇಳಿರಲಿಲ್ಲ."

"ನಾನು ಹೇಳೋ ಹಾಗಿಲ್ಲ. ಹೊಸದಾಗಿ ರಕ್ತ ಕೊಡ್ಬೇಕು."

"ಮತ್ತೆ ಸೂಜಿನಾ?"

ಅಳುವಿನ ನಡುವೆಯೂ ಇಬ್ಬರಿಗೂ ನಗು ಬಂತು.

* * *

"ಏನೂ ಇಲ್ಲವಂತೆ! ನನ್ನ ಜೀನು ಸರಿಯಾಗಿದೆಯಂತೆ! ಅಪ್ಪನ ಕಾಯಿಲೆ ನಂಗೆ ಇಳಿದು ಬಂದಿಲ್ಲವಂತೆ!"

ಲ್ಯಾಬಿಗೆ ಓಡಿಬಂದವನು ಅವಳ ಎರಡೂ ಕೈ ಹಿಡಿದು ಗಿರ್ರನೆ ಒಂದು ಸುತ್ತು ಸುತ್ತಿಸಿದ. ಮೀಸೆ ಅಣ್ಣ "ಏಯ್, ಗಾಜಿನ ಸಾಮಾನಿದೆ!" ಅಂತ ಕೂಗಿಕೊಂಡರು.

"ನಿಜವಾಗ್ಲೂ? ನಿಜ ಹೇಳು!" ಅವಳು ಅತ್ತಳು, ನಕ್ಕಳು, ಅವನ ತೋಳಿಗೆ ಹೊಡೆದಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಯಿತು. ಇವನು ಬದುಕುತ್ತಾನೆ! ಇವನ ತಲೆ ನರೆಯುವುದನ್ನು ತಾನು ನೋಡಬಹುದು!

"ಎರಡನೇ ಸಲ ಪರೀಕ್ಷೆ ಮಾಡಿ ನೋಡಿದಾರೆ. ನೂರಕ್ಕೆ ನೂರು. ನಿನ್ನ ಲ್ಯಾಬಿನ ಮೆಷಿನ್ನೇ ಸುಳ್ಳು ಹೇಳಿದೆ ನೋಡು."

"ನಮ್ಮ ಮೆಷಿನ್ ಸುಳ್ಳು ಹೇಳಲ್ಲ..."

ಅಭ್ಯಾಸಬಲದಿಂದ ಆಡಿದ ಮಾತು. ಆಡಿದ ಮೇಲೆ ಅದರ ಅರ್ಥ ಅವಳಿಗೇ ಕೇಳಿಸಿತು.

ಮೆಷಿನ್ ಸುಳ್ಳು ಹೇಳಿಲ್ಲ. ಟ್ಯೂಬುಗಳಿದ್ದದ್ದು ಎರಡು. ಒಂದು ಇವನದು... ಅದು ಸರಿಯಾಗಿದೆ.

ಅವಳ ಕೈ ಅವನ ಕೈಯೊಳಗೇ ತಣ್ಣಗಾಯಿತು.

"ಏನಾಯ್ತೇ? ಯಾಕೆ ಹೀಗೆ ನೋಡ್ತಿದೀಯ?"

"ಇನ್ನೊಂದು ಟ್ಯೂಬು..." ಪಿಸುಗುಟ್ಟಿದಳು. "ಅದು ನಂದು."

* * *

"ಚಿಕ್ಕಮ್ಮ, ಅಮ್ಮಂಗೆ ಏನಾಗಿತ್ತು?"

ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ ತಲೆ ಎತ್ತಲಿಲ್ಲ. ತಾಯಿ ಹೋದ ಮೇಲೆ ಅವಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದ ಜೀವ ಅದು. "ಹೇಳಿದೀನಲ್ಲ ಪುಟ್ಟಿ. ಕಾಮಾಲೆ."

"ಚಿಕ್ಕಮ್ಮ... ನನ್ನಾಣೆ."

ಮಡಚಿದ ಸೀರೆ ಕೈಯಿಂದ ಜಾರಿ ಬಿಚ್ಚಿಕೊಂಡಿತು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಗರ್ಭಕೋಶದ ಕ್ಯಾನ್ಸರ್ ಕಣೇ. ನಮ್ಮಮ್ಮಂಗೂ ಅದೇ... ಕಾಮಾಲೆ ಅಂತ ನಾವೇ ಹೇಳಿದ್ವಿ. ಹೆಣ್ಣುಮಗು ನೀನು, ಇಂಥ ಮನೆತನ ಅಂತ ಗೊತ್ತಾದ್ರೆ ನಾಳೆ ಯಾರು ನಿನ್ನ ಕೈ ಹಿಡೀತಾರೆ ಅಂತ..."

ಕರುಳು, ಗರ್ಭಕೋಶ... ಎರಡಕ್ಕೂ ಆ ಒಂದೇ ಜೀನ್ ಸಾಕು. ಇದನ್ನೇ ಅವಳು ಎಷ್ಟು ಸಭೆಗಳಲ್ಲಿ ಪಾಠ ಮಾಡಿದ್ದಳು! ಬೈಯಬೇಕೆಂದು ಬಾಯಿ ತೆರೆದಳು. ಚಿಕ್ಕಮ್ಮನ ನಡುಗುವ ಭುಜ ನೋಡಿ ಹಾಗೇ ತಬ್ಬಿಕೊಂಡಳು.

"ಇನ್ಮೇಲೆ ಮುಚ್ಚಿಡೋದು ಬೇಡ ಚಿಕ್ಕಮ್ಮ. ನೀವೂ ಪರೀಕ್ಷೆ ಮಾಡಿಸ್ಕೊಳ್ಬೇಕು."

"ಈ ವಯಸ್ಸಲ್ಲಿ ನಂಗ್ಯಾಕೆ?"

"ನಂಗೆ ಅಂತ ಇರೋದು ನೀವೊಬ್ರೇ. ಅದಕ್ಕೆ!"

ಅವಳು ಕೊಟ್ಟ ಹೊಸ ರಕ್ತವೂ ಅದನ್ನೇ ಹೇಳಿತು. ಕ್ಯಾಮೆರಾ ಹಾಕಿ ನೋಡಿದಾಗ ಕರುಳಿನ ಒಳಗೋಡೆಗೆ ಅಂಟಿಕೊಂಡಿದ್ದ ಒಂದು ಗಂಟು ಕಂಡಿತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಅದೇ ದಾರಿ ಹಿಡಿದಿತ್ತು. ಕ್ಯಾಮೆರಾ ಕೊಳವೆಯಿಂದಲೇ ಕಿತ್ತು ತೆಗೆಯುವಷ್ಟು ಸಣ್ಣದೂ ಅಲ್ಲ. ಕರುಳಿನ ಆ ಒಂದು ತುಂಡನ್ನು ತೆಗೆದುಬಿಡೋಣ ಅಂದರು ಡಾಕ್ಟರು.

ಆಪರೇಷನ್ನಿಗೆ ಹೋಗುವ ಬೆಳಿಗ್ಗೆ ಅವಳು ಅವನಿಗೆ ಕಟ್ಟುನಿಟ್ಟಾಗಿ ಹೇಳಿದಳು.

"ನೀನು ಬರ್ಬೇಡ. ನನ್ನ ಮರೆತ್ಬಿಡು."

"ಯಾಕೆ?"

"ಇದು ಇಲ್ಲಿಗೆ ಮುಗಿಯಲ್ಲ. ವರ್ಷ ವರ್ಷ ಪರೀಕ್ಷೆ. ನಾಳೆ ಗರ್ಭಕೋಶ ತೆಗೀಬೇಕಾಗ್ಬಹುದು. ಮಕ್ಕಳಾದ್ರೆ ಅವಕ್ಕೂ ಬರೋ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮಮ್ಮ ಗಂಡನ್ನ ಇದರಲ್ಲೇ ಕಳ್ಕೊಂಡಿದಾರೆ. ಸೊಸೆಯಾಗಿ ಅದೇ ಕಾಯಿಲೇನ ಮನೆಗೆ ಕರ್ಕೊಂಡು ಬರ್ತೀಯಾ? ಅವರ ಮುಖ ಹೇಗೆ ನೋಡ್ಲಿ ನಾನು?"

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ನರ್ಸು ಬಂದು ಗಾಲಿಮಂಚ ತಳ್ಳಿದಳು.

* * *

ಎಚ್ಚರವಾದಾಗ ಮೊದಲು ಅರಿವಿಗೆ ಬಂದದ್ದು ನೋವು. ಆಮೇಲೆ ಹಣೆಯ ಮೇಲೆ ಒಂದು ಕೈ.

ಚಿಕ್ಕಮ್ಮನ ಕೈಯಲ್ಲ. ಚಿಕ್ಕಮ್ಮ ಆಚೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಇದು ಬೇರೆ ಯಾರೋ... ಕಿಟಕಿಯ ಬಿಸಿಲಿಗೆ ಬೆನ್ನು ಹಾಕಿ ಕೂತ ಹಿರಿಯ ಹೆಂಗಸು. ಆ ಕಣ್ಣು ಎಲ್ಲೋ ನೋಡಿದ ಹಾಗಿತ್ತು. ಅವನ ಕಣ್ಣು!

"ಏಳ್ಬೇಡಮ್ಮ, ಮಲಕ್ಕೋ. ನಾನು ಇವನ ತಾಯಿ."

ಅವಳ ಕಣ್ಣು ತುಂಬಿ ಬಂತು. "ಅಮ್ಮಾ... ನಾನು ಅವರಿಗೆ ಹೇಳಿದೀನಿ, ಬೇಡ ಅಂತ..."

"ಹೇಳ್ದ. ನೀನು ಏನೇನು ಅಂದೆ ಅಂತ ಎಲ್ಲ ಹೇಳ್ದ. ಹೇಳ್ತಾ ಮಗು ಥರ ಅತ್ತ, ಗಂಡಸು!" ತಾಯಿ ಅವಳ ಕೂದಲು ಹಿಂದೆ ಸರಿಸಿದರು. "ನಮ್ಮನೆಯವರಿಗೆ ಹೊಟ್ಟೆನೋವು ಅಂದಾಗ ವಾಯು ಅಂದ್ವಿ. ಸೊರಗಿದಾಗ ಕೆಲಸ ಜಾಸ್ತಿ ಅಂದ್ವಿ. ಒಂದು ದಿನಾನೂ ನೋಡಲಿಲ್ಲ ತಾಯಿ. ಕಾಯಿಲೆಗಿಂತ ಹೆಚ್ಚಾಗಿ, ನೋಡಲಿಲ್ವಲ್ಲಾ ಅನ್ನೋದೇ ನನ್ನ ಇವತ್ತಿಗೂ ಸುಡುತ್ತೆ."

ತಾಯಿ ಅವಳ ಹೊದಿಕೆ ಸರಿಮಾಡಿದರು.

"ನೀನು ನೋಡಿದೀಯ. ಬರೋ ಮೊದಲೇ ಬಾಗಿಲಲ್ಲಿ ನಿಂತು ತಡೆದಿದೀಯ. ನಾನು ಭಯ ಪಡ್ಬೇಕಾಗಿರೋದು ನಿನ್ನಂಥೋಳಿಗಾ? ಮಕ್ಕಳ ಮಾತು ಬಿಡು. ಹುಟ್ಟಿದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳೋಣ. ಬೇಡ ಅನ್ಸಿದ್ರೆ ಅದೂ ನಿಮ್ಮಿಬ್ಬರ ಇಷ್ಟ. ನಂಗೆ ಈ ತಿಂಡಿಪೋತ ಒಬ್ಬನ್ನ ಸಾಕಿಯೇ ಸಾಕಾಗಿದೆ!"

"ಅಮ್ಮಾ, ನಾನು ಇಲ್ಲೇ ಇದೀನಿ!" ಪರದೆಯ ಹಿಂದಿನಿಂದ ಗಡಸು ದನಿ ಬಂತು.

"ಗೊತ್ತು ಕಣೋ. ನಿನ್ನ ಕಾಲು ಕಾಣ್ತಿದೆ." ತಾಯಿ ಎದ್ದು ಚಿಕ್ಕಮ್ಮನ ಭುಜ ಅಲುಗಿಸಿದರು. "ಬನ್ನಿ ಬೀಗಿತ್ತಿ, ಒಂದು ಲೋಟ ಚಹಾ ಕುಡಿದು ಬರೋಣ. ಇಲ್ಲಿ ನಮಗೇನು ಕೆಲಸ?"

'ಬೀಗಿತ್ತಿ' ಅನ್ನುವ ಮಾತಿಗೆ ಚಿಕ್ಕಮ್ಮನ ನಿದ್ದೆ ಹಾರಿಹೋಯಿತು! ಯಾರು ಕೈ ಹಿಡಿಯುತ್ತಾರೋ ಅಂತ ಜೀವಮಾನವಿಡೀ ಅಂಜಿದ್ದ ಆ ಹೆಂಗಸು, ಕಣ್ಣೊರೆಸಿಕೊಳ್ಳುತ್ತ ಅವರ ಹಿಂದೆ ಹೋದರು.

ಅವನು ಪರದೆ ಸರಿಸಿ ಬಂದ. ಎರಡು ದಿನದ ಗಡ್ಡ, ಕೆಂಪಗಾದ ಕಣ್ಣು. ಕುರ್ಚಿ ಎಳೆದುಕೊಂಡು ಕೂತು, ಅವಳ ಬೆರಳುಗಳನ್ನು ಸೂಜಿ ಚುಚ್ಚಿದ ಜಾಗ ತಾಗದ ಹಾಗೆ ಹಿಡಿದುಕೊಂಡ.

"ಡಾಕ್ಟ್ರು ಹೇಳಿದ್ರು. ಗಂಟು ಪೂರ್ತಿ ಬಂದಿದೆ. ಸುತ್ತಮುತ್ತ ಏನೂ ಹರಡಿಲ್ಲ."

ಅವಳು ಕಣ್ಣು ಮುಚ್ಚಿದಳು. ರೆಪ್ಪೆಯಂಚಿನಿಂದ ನೀರು ಕಿವಿಯತ್ತ ಇಳಿಯಿತು. ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿದ.

"ಇನ್ನೂ ಮರೆತ್ಬಿಡು ಅಂತೀಯಾ?"

"ನಿಂಗೆ ಒಂದು ವಿಷಯ ಗೊತ್ತಾ?" ಅವಳ ದನಿ ತೀರ ಸಣ್ಣಗಿತ್ತು. "ಆ ತಪ್ಪಿರೋದು ನಿನ್ನ ರಕ್ತದಲ್ಲಿ ಅಂತ ನಂಬ್ಕೊಂಡಿದ್ದೆನಲ್ಲ... ಆ ದಿನಗಳಲ್ಲಿ ಒಂದು ಸಲಾನೂ, ಒಂದೇ ಒಂದು ಸಲಾನೂ, ನಿನ್ನ ಬಿಟ್ಬಿಡೋಣ ಅನ್ಸಲಿಲ್ಲ."

"ಮತ್ತೆ ನಂಗೆ ಮಾತ್ರ ಅನ್ಸುತ್ತೆ ಅಂದ್ಕೊಂಡ್ಯಾ? ಪ್ರೀತ್ಸೋದು ಗೊತ್ತಿರೋದು ನಿಂಗೊಬ್ಬಳಿಗೇನಾ?"

ಅವಳು ಅವನ ಕೈಯನ್ನು ಮೆಲ್ಲಗೆ ಎಳೆದು ಕೆನ್ನೆಗೆ ಒತ್ತಿಕೊಂಡಳು.

"ಪ್ರೀತಿಸ್ತೀನಿ ಕಣೋ... ತುಂಬಾ. ಇಷ್ಟು ದಿನ ಬಾಯಿ ಬಿಟ್ಟು ಹೇಳೇ ಇರಲಿಲ್ಲ."

"ಅರಿವಳಿಕೆಯ ಅಮಲಲ್ಲಿ ಹೇಳ್ತಿಲ್ಲ ತಾನೇ? ನಾಳೆ ನೆನಪಿಲ್ಲ ಅಂದ್ಬಿಟ್ಟೀಯ!"

"ಥೂ! ನಗಿಸ್ಬೇಡ... ಹೊಲಿಗೆ ಎಳೆಯುತ್ತೆ."

"ಸರಿ, ಸರಿ." ಅವನು ಗಾಬರಿಯಾಗಿ ದಿಂಬನ್ನು ಅವಳ ಹೊಟ್ಟೆಯ ಮೇಲೆ ಒತ್ತಿಟ್ಟ. "ಹೀಗೆ ಹಿಡ್ಕೊಂಡು ನಗು, ನೋಯಲ್ಲ."

"ವರ್ಷ ವರ್ಷ ಆ ಪರೀಕ್ಷೆಗೆ ಮುಂಚೆ ಒಂದು ಹಾಳು ಔಷಧಿ ಕುಡೀಬೇಕು. ಇಡೀ ದಿನ ಬಾತ್‌ರೂಮೇ ಗತಿ. ಗೊತ್ತಿದೆಯಾ?"

"ಬಾಗಿಲ ಹೊರಗೆ ಕೂತು ಹಾಡು ಹೇಳ್ತೀನಿ."

"ನಿನ್ನ ಹಾಡಿಗಿಂತ ಔಷಧಿನೇ ವಾಸಿ."

"ಹಾಗಾದ್ರೆ ಸುಮ್ನೆ ಕೂತಿರ್ತೀನಿ."

"ಪ್ರತಿ ವರ್ಷಾನೂ?"

"ನಿಂಗೆ ಹಲ್ಲು ಬಿದ್ದು, ನಂಗೆ ಕಿವಿ ಕೇಳಿಸ್ದೆ ಇರೋ ವರ್ಷಾನೂ."

ಅವಳು ದಿಂಬನ್ನು ಗಟ್ಟಿಯಾಗಿ ಅವುಚಿ ಹಿಡಿದಳು. ಆಮೇಲೆ ಮನಸಾರೆ ನಕ್ಕಳು.